ರಿಪೋರ್ಟಿನಲ್ಲಿ ‘ಬ್ಯಾರೆಟ್ಸ್’ ಅಂತ ಬಂದಿದೆಯಾ? ಎಷ್ಟು ಹೆದರಬೇಕು, ಏನು ಕೇಳಬೇಕು

ಎಂಡೋಸ್ಕೋಪಿ ರೂಮಿನ ಬಾಗಿಲ ಬಳಿ ನನಗೆ ಜಾಸ್ತಿ ಎದುರಾಗುವ ಪ್ರಶ್ನೆ ಒಂದೇ: ‘ಸಿಸ್ಟರ್, ಇದು ಕ್ಯಾನ್ಸರಾ?’ ಕೈಯಲ್ಲಿ ರಿಪೋರ್ಟ್ ಇರುತ್ತದೆ. ಅದರಲ್ಲಿ ‘ಬ್ಯಾರೆಟ್ಸ್ ಈಸೋಫೇಗಸ್’ ಅಂತ ಒಂದು ಸಾಲು. ನನ್ನ ಹತ್ತಿರ ಬರುವಷ್ಟರಲ್ಲಿ ಫೋನಿನಲ್ಲಿ ಹುಡುಕಿಯೂ ಆಗಿರುತ್ತದೆ. ಆಮೇಲೆ ನಾನು ಏನು ಹೇಳಿದರೂ ಕಿವಿಗೆ ಬೀಳುವುದಿಲ್ಲ.

ನಾನು ಡಾಕ್ಟರ್ ಅಲ್ಲ, ನರ್ಸ್. ಡಾಕ್ಟರು ಸ್ಕೋಪ್ (ಬಾಯಿಂದ ಒಳಗೆ ಇಳಿಸುವ ಕ್ಯಾಮೆರಾ ನಳಿಕೆ) ಹಿಡಿದಿರುವಾಗ ಪಕ್ಕದಲ್ಲಿ ನಿಂತು, ಪರೀಕ್ಷೆಗೆ ಚೂರು ತೆಗೆಯುವ ಬಯಾಪ್ಸಿ ಚಿಮಟ ತೆರೆದು ಮುಚ್ಚುವವಳು, ಚೂರುಗಳನ್ನು ಬಾಟಲಿಗೆ ಹಾಕಿ ಲೇಬಲ್ ಬರೆಯುವವಳು. ನಿಮಗೆ ಯಾವ ಚಿಕಿತ್ಸೆ ಬೇಕು ಅಂತ ಹೇಳುವ ಕೆಲಸ ನನ್ನದಲ್ಲ. ಆದರೆ ಆ ಕಾಗದವನ್ನು ಹೇಗೆ ಓದಬೇಕು, ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅಂತ ಹೇಳಿಕೊಡಬಲ್ಲೆ. ಎಷ್ಟು ಹೆದರಬೇಕು ಅನ್ನುವುದಕ್ಕೂ ಒಂದು ಲೆಕ್ಕವಿದೆ. ಅದನ್ನೂ ಹೇಳುತ್ತೇನೆ.

ಮೊದಲು, ಇದು ಏನು

ಈಸೋಫೇಗಸ್ ಅಂದರೆ ಅನ್ನನಾಳ. ಅದರ ಒಳಪದರ ನಮ್ಮ ಕೆನ್ನೆಯ ಒಳಭಾಗದ ಹಾಗೆ ಇರುತ್ತದೆ. ತಿಳಿ ಗುಲಾಬಿ ಬಣ್ಣ, ನುಣುಪು. ಉಜ್ಜಾಟವನ್ನು ಅದು ತಡೆಯುತ್ತದೆ, ಆಸಿಡ್ಡನ್ನು ತಡೆಯುವುದಿಲ್ಲ. ಹೊಟ್ಟೆಯ ಆಸಿಡ್, ಅದರ ಜೊತೆ ಪಿತ್ತರಸ, ವರ್ಷಗಟ್ಟಲೆ ಮೇಲಕ್ಕೆ ನುಗ್ಗುತ್ತಲೇ ಇದ್ದರೆ ಕೆಲವರಲ್ಲಿ ಆ ಪದರ ಗಾಯವಾಗಿ, ಮಾಯುವಾಗ ಬೇರೆ ಥರದ ಪದರವಾಗಿ ಬೆಳೆಯುತ್ತದೆ. ಹೊಸದು ಕರುಳಿನ ಪದರವನ್ನು ಹೋಲುತ್ತದೆ. ಆಸಿಡ್ಡನ್ನು ಹಳೆಯದಕ್ಕಿಂತ ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಆದರೆ ಅದು ಅಲ್ಲಿರಬೇಕಾದ ಪದರ ಅಲ್ಲ. ಅದರ ಕೋಶಗಳು ಮುಂದೆ ದಾರಿ ತಪ್ಪುವ ಸಾಧ್ಯತೆ ಸ್ವಲ್ಪ ಹೆಚ್ಚು. ಇಷ್ಟೇ ಬ್ಯಾರೆಟ್ಸ್.

ಹೆಸರು ಬಂದದ್ದು ಲಂಡನ್ನಿನ ಸರ್ಜನ್ ನಾರ್ಮನ್ ಬ್ಯಾರೆಟ್ ಅವರಿಂದ. ತಮಾಷೆ ಏನೆಂದರೆ, 1950ರಲ್ಲಿ ಅವರು ಬರೆದದ್ದು ಇದು ಅನ್ನನಾಳವೇ ಅಲ್ಲ, ಮೇಲಕ್ಕೆ ಎಳೆದುಕೊಂಡ ಹೊಟ್ಟೆಯ ಭಾಗ ಅಂತ. 1953ರಲ್ಲಿ ಆಲಿಸನ್ ಮತ್ತು ಜಾನ್‌ಸ್ಟನ್ ಅನ್ನುವ ಇಬ್ಬರು ಇಲ್ಲ, ಇದು ಅನ್ನನಾಳವೇ ಅಂತ ತೋರಿಸಿದರು. 1957ರಲ್ಲಿ ಬ್ಯಾರೆಟ್ ಅದನ್ನು ಒಪ್ಪಿಕೊಂಡರು. ಹೆಸರು ಮಾತ್ರ ಅವರದ್ದೇ ಉಳಿಯಿತು.

ಎಷ್ಟು ಜನರಿಗೆ ಇರುತ್ತದೆ

ಇದನ್ನು ಎಣಿಸುವುದು ಕಷ್ಟ, ಯಾಕೆಂದರೆ ಬ್ಯಾರೆಟ್ಸ್‌ಗೆ ತನ್ನದೇ ಆದ ಲಕ್ಷಣ ಇಲ್ಲ. ನೋವಿಲ್ಲ, ಊತವಿಲ್ಲ, ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಒಳಗೆ ಇಳಿದು ನೋಡಿದರೆ ಮಾತ್ರ ಗೊತ್ತು. ಆಸ್ಪತ್ರೆಗೆ ಬಂದವರನ್ನು ಮಾತ್ರ ಎಣಿಸಿದರೆ ಲೆಕ್ಕ ಜಾಸ್ತಿ ಬರುತ್ತದೆ, ಯಾಕೆಂದರೆ ಅವರು ತೊಂದರೆ ಇದ್ದೇ ಬಂದವರು.

ಅದಕ್ಕೇ ಸ್ವೀಡನ್ನಿನ ಒಂದು ಅಧ್ಯಯನ ನನಗೆ ಇಷ್ಟ. ಅಲ್ಲಿನ ಉತ್ತರ ಭಾಗದ ಎರಡು ಊರುಗಳಲ್ಲಿ ಸಾಮಾನ್ಯ ಜನರನ್ನೇ ಆರಿಸಿ, ಸಾವಿರ ಮಂದಿಗೆ ಎಂಡೋಸ್ಕೋಪಿ ಮಾಡಿದರು. 2005ರಲ್ಲಿ ಫಲಿತಾಂಶ ಬಂತು: ಬ್ಯಾರೆಟ್ಸ್ ಇದ್ದವರು ಶೇ 1.6. ಸಾವಿರಕ್ಕೆ 16. ಎದೆಯುರಿ ಇದ್ದವರಲ್ಲಿ ಶೇ 2.3, ಎದೆಯುರಿಯೇ ಇಲ್ಲದವರಲ್ಲಿ ಶೇ 1.2. ಆ ಕೊನೆಯ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ. ಹುಳಿತೇಗು ಬಾರದವರಿಗೂ ಬ್ಯಾರೆಟ್ಸ್ ಇತ್ತು.

ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2019ರಲ್ಲಿ ಮಾಡಿದ ಲೆಕ್ಕವೊಂದಿದೆ. ಯಾವ ಅಪಾಯದ ಅಂಶವೂ ಇಲ್ಲದವರಲ್ಲಿ ಶೇ 1ಕ್ಕಿಂತ ಕಡಿಮೆ. ಬರೀ ಆಸಿಡ್ ರಿಫ್ಲಕ್ಸ್ (ಹೊಟ್ಟೆಯ ಆಸಿಡ್ ಮೇಲಕ್ಕೆ ಬರುವುದು) ಇದ್ದವರಲ್ಲಿ ಶೇ 3ರ ಆಸುಪಾಸು. ರಿಫ್ಲಕ್ಸ್ ಜೊತೆಗೆ ಇನ್ನೊಂದು ಅಪಾಯದ ಅಂಶವೂ ಸೇರಿದರೆ ಶೇ 12. ಮನೆಯಲ್ಲಿ ಯಾರಿಗಾದರೂ ಬ್ಯಾರೆಟ್ಸ್ ಅಥವಾ ಅನ್ನನಾಳದ ಅಡಿನೋಕಾರ್ಸಿನೋಮಾ (ಒಂದು ಜಾತಿಯ ಕ್ಯಾನ್ಸರ್) ಇದ್ದವರಲ್ಲಿ ಶೇ 23.

ಆ ಅಂಶಗಳು ಯಾವುವು? ಗಂಡಸಾಗಿರುವುದು. ವಯಸ್ಸು 50 ದಾಟಿರುವುದು. ಹೊಟ್ಟೆಯ ಸುತ್ತ ಬೊಜ್ಜು. ಸಿಗರೇಟು. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳಲ್ಲಿ ಯಾರಿಗಾದರೂ ಇರುವುದು. ಬಿಳಿಯ ಜನಾಂಗದವರಲ್ಲಿ ಇದು ಉಳಿದವರಿಗಿಂತ ಜಾಸ್ತಿ. ಬೊಜ್ಜಿನ ವಿಷಯದಲ್ಲಿ ಒಟ್ಟು ತೂಕಕ್ಕಿಂತ ಸೊಂಟದ ಸುತ್ತಳತೆ ಮುಖ್ಯ. ಹೊಟ್ಟೆಯ ಬೊಜ್ಜು ಕೆಳಗಿನಿಂದ ಒತ್ತಿ ಆಸಿಡ್ಡನ್ನು ಮೇಲಕ್ಕೆ ತಳ್ಳುತ್ತದೆ.

ಕ್ಯಾನ್ಸರಿಗೂ ಇದಕ್ಕೂ ಏನು ಸಂಬಂಧ

ಅನ್ನನಾಳದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ಸ್ಕ್ವೇಮಸ್. ಇದು ಅನ್ನನಾಳದ ಮೂಲ ಪದರದಿಂದಲೇ ಹುಟ್ಟುತ್ತದೆ. ತಂಬಾಕು ಮತ್ತು ಮದ್ಯ ಇದರ ದೊಡ್ಡ ಕಾರಣಗಳು. ಇಡೀ ಜಗತ್ತಿನ ಲೆಕ್ಕ ತೆಗೆದುಕೊಂಡರೆ ಅನ್ನನಾಳದ ಕ್ಯಾನ್ಸರುಗಳಲ್ಲಿ ಬಹುಪಾಲು ಇದೇ. ಇನ್ನೊಂದು ಅಡಿನೋಕಾರ್ಸಿನೋಮಾ. ಸಾಮಾನ್ಯವಾಗಿ ಅನ್ನನಾಳದ ಕೆಳತುದಿಯಲ್ಲಿ ಬರುತ್ತದೆ. ಬ್ಯಾರೆಟ್ಸ್‌ಗೆ ಸಂಬಂಧ ಇರುವುದು ಈ ಎರಡನೆಯದಕ್ಕೆ ಮಾತ್ರ. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾದಂಥ ಕಡೆ ಈಗ ಇದೇ ಮುಂದಿದೆ. ‘ಅನ್ನನಾಳದ ಕ್ಯಾನ್ಸರ್’ ಅಂತ ಹುಡುಕಿದಾಗ ಫೋನು ಎರಡನ್ನೂ ಕಲಸಿ ತೋರಿಸುತ್ತದೆ. ಹೆದರಿಕೆಯ ಅರ್ಧ ಭಾಗ ಅಲ್ಲಿಂದಲೇ ಬಂದಿರುತ್ತದೆ.

ಈಗ ಸಂಖ್ಯೆ. ಡೆನ್ಮಾರ್ಕಿನಲ್ಲಿ ಬ್ಯಾರೆಟ್ಸ್ ಇದ್ದ 11,028 ಜನರ ದಾಖಲೆಗಳನ್ನು ಇಡೀ ದೇಶದ ಕ್ಯಾನ್ಸರ್ ದಾಖಲೆಯ ಜೊತೆ ಹೋಲಿಸಿ ನೋಡಿದರು. 2011ರಲ್ಲಿ ಪ್ರಕಟವಾಯಿತು. ವರ್ಷಕ್ಕೆ ಶೇ 0.12 ಜನರಿಗೆ ಅಡಿನೋಕಾರ್ಸಿನೋಮಾ. ಬೇರೆ ಅಧ್ಯಯನಗಳನ್ನು ಸೇರಿಸಿ ಮಾಡಿದ ಲೆಕ್ಕದಲ್ಲಿ, ಕೋಶಗಳಲ್ಲಿ ಕೆಟ್ಟ ಬದಲಾವಣೆ ಇಲ್ಲದವರಿಗೆ ವರ್ಷಕ್ಕೆ ಶೇ 0.33. ಅಂದರೆ ಸಾವಿರ ಜನರನ್ನು ಒಂದು ವರ್ಷ ನೋಡಿಕೊಂಡರೆ ಒಬ್ಬರಿಗೋ ಮೂವರಿಗೋ ಬರುತ್ತದೆ. ಉಳಿದ 997 ಜನಕ್ಕೆ ಆ ವರ್ಷ ಏನೂ ಆಗುವುದಿಲ್ಲ.

ಇದೇ ಡೆನ್ಮಾರ್ಕಿನ ಅಧ್ಯಯನವನ್ನು ಇನ್ನೊಂದು ಥರ ಹೇಳಬಹುದು: ಬ್ಯಾರೆಟ್ಸ್ ಇದ್ದವರಿಗೆ ಈ ಕ್ಯಾನ್ಸರಿನ ಅಪಾಯ ಬೇರೆಯವರಿಗಿಂತ 11 ಪಟ್ಟು. ಅದೂ ನಿಜವೇ. ಫೋನಿನಲ್ಲಿ ನಿಮಗೆ ಸಿಗುವುದು ಈ ವಾಕ್ಯ. ಆದರೆ ಮೂಲ ಸಂಖ್ಯೆ ತೀರಾ ಚಿಕ್ಕದು. ಚಿಕ್ಕದರ 11 ಪಟ್ಟೂ ಚಿಕ್ಕದೇ. ‘ಎಷ್ಟು ಪಟ್ಟು’ ಅಂತ ಯಾರಾದರೂ ಹೇಳಿದರೆ ‘ಸಾವಿರಕ್ಕೆ ಎಷ್ಟು’ ಅಂತ ತಿರುಗಿ ಕೇಳಿ. ಇದು ಬ್ಯಾರೆಟ್ಸ್‌ಗೆ ಮಾತ್ರ ಅಲ್ಲ, ಯಾವ ಕಾಯಿಲೆಗೂ ಸರಿ.

ಬ್ಯಾರೆಟ್ಸ್ ಇದ್ದವರಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ತೀರಿಕೊಳ್ಳುವುದು ಬೇರೆ ಕಾರಣಕ್ಕೆ, ಅದರಲ್ಲೂ ಹೃದಯದ ಕಾಯಿಲೆಗೆ. ಬ್ಯಾರೆಟ್ಸ್ ಅಂತ ಕೇಳಿ ರಾತ್ರಿಯೆಲ್ಲ ನಿದ್ದೆಗೆಟ್ಟವರು ಬಿಪಿ ಮಾತ್ರೆಯನ್ನು ಮರೆತು ಕೂತದ್ದನ್ನು ನಾನು ನೋಡಿದ್ದೇನೆ. ಅವರಿಗೆ ಬಿಪಿ ಹೆಚ್ಚು ಅಪಾಯ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳಬೇಕು. ಅಡಿನೋಕಾರ್ಸಿನೋಮಾ ಬಂದವರನ್ನು ಹಿಂತಿರುಗಿ ನೋಡಿದರೆ, ಅವರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ತಮಗೆ ಬ್ಯಾರೆಟ್ಸ್ ಇದೆ ಅನ್ನುವುದೇ ಮೊದಲು ಗೊತ್ತಿರುವುದಿಲ್ಲ. ಸುಮಾರು ಶೇ 40 ಮಂದಿಗೆ ಎದೆಯುರಿಯ ಚರಿತ್ರೆಯೇ ಇರುವುದಿಲ್ಲ. ನಮ್ಮ ರೂಮಿಗೆ ನುಂಗಲು ಆಗುತ್ತಿಲ್ಲ ಅಂತ ಬರುವವರು ಮೊದಲ ಸಲ ಸ್ಕೋಪ್ ನೋಡುವವರು. ಗೊತ್ತಿದ್ದು, ಸರಿಯಾಗಿ ಬಂದು ಹೋಗುವವರಲ್ಲಿ ಬದಲಾವಣೆ ಕಂಡರೆ ಸಾಮಾನ್ಯವಾಗಿ ಬೇಗನೆ ಸಿಗುತ್ತದೆ, ಸ್ಕೋಪಿನಿಂದಲೇ ತೆಗೆಯಬಹುದಾದ ಹಂತದಲ್ಲಿ. ಹಾಗಾಗಿ ನಿಮ್ಮ ರಿಪೋರ್ಟಿನಲ್ಲಿ ಆ ಸಾಲು ಬಂದದ್ದು ಒಂದು ಥರದಲ್ಲಿ ನಿಮಗೆ ಅನುಕೂಲವೇ. ಒಂದು ಷರತ್ತು: ಹೆದರಿ ನಾಪತ್ತೆ ಆಗಬಾರದು.

ಎಂಡೋಸ್ಕೋಪಿ ರಿಪೋರ್ಟ್ ಓದುವುದು

ಎರಡು ಕಾಗದ ಬರುತ್ತವೆ. ಒಂದು ಅದೇ ದಿನ ಕೈಗೆ ಸಿಗುವ ಎಂಡೋಸ್ಕೋಪಿ ರಿಪೋರ್ಟ್, ಫೋಟೋ ಸಮೇತ. ಇನ್ನೊಂದು ಕೆಲವು ದಿನ ಬಿಟ್ಟು ಬರುವ ಬಯಾಪ್ಸಿ ರಿಪೋರ್ಟ್. ಮೊದಲನೆಯದು ಡಾಕ್ಟರ ಕಣ್ಣಿಗೆ ಏನು ಕಂಡಿತು ಅಂತ ಹೇಳುತ್ತದೆ. ಎರಡನೆಯದು ಮೈಕ್ರೋಸ್ಕೋಪಿನಲ್ಲಿ ಏನು ಕಂಡಿತು ಅಂತ. ಬ್ಯಾರೆಟ್ಸ್ ಹೌದು ಅನ್ನಲು ಸಾಮಾನ್ಯವಾಗಿ ಎರಡೂ ಬೇಕು. ಮೊದಲನೆಯದರಲ್ಲಿ ‘ಸಸ್ಪೆಕ್ಟೆಡ್’ ಅಂತ ಇದ್ದರೆ ಅದು ಅನುಮಾನ ಮಾತ್ರ. ಎರಡನೆಯದು ಬರುವ ತನಕ ನೆಂಟರಿಗೆಲ್ಲ ಫೋನ್ ಮಾಡಬೇಡಿ.

ಮೊದಲ ಕಾಗದದಲ್ಲಿ ಸೆಂಟಿಮೀಟರ್ ಲೆಕ್ಕಗಳು ಇರುತ್ತವೆ. 35, 38, 40 ಹೀಗೆ. ಇದನ್ನು ನೋಡಿ ‘ನಲವತ್ತು ಸೆಂಟಿಮೀಟರ್ ಗಡ್ಡೆಯಾ?’ ಅಂತ ಬೆಚ್ಚಿಬಿದ್ದವರಿದ್ದಾರೆ. ಅದು ಗಡ್ಡೆಯ ಅಳತೆ ಅಲ್ಲ. ಮುಂದಿನ ಹಲ್ಲಿನಿಂದ ಸ್ಕೋಪ್ ಎಷ್ಟು ಒಳಗೆ ಹೋಗಿದೆ ಅನ್ನುವ ದೂರ. ಸ್ಕೋಪಿನ ಮೈಮೇಲೆಯೇ ಬಿಳಿ ಗೆರೆಗಳಲ್ಲಿ ಅಂಕಿ ಬರೆದಿರುತ್ತದೆ. ಡಾಕ್ಟರು ನಿಲ್ಲಿಸಿದಾಗ ಹಲ್ಲಿನ ಹತ್ತಿರ ಇರುವ ಅಂಕಿಯನ್ನು ನಾವು ಓದಿ ಹೇಳುತ್ತೇವೆ. ಅನ್ನನಾಳ ಹೊಟ್ಟೆಗೆ ಸೇರುವ ಜಾಗ ಬಹಳ ಮಂದಿಯಲ್ಲಿ 40ರ ಹತ್ತಿರ ಸಿಗುತ್ತದೆ.

ಆಮೇಲೆ ಹುಡುಕಬೇಕಾದದ್ದು ಸಿ ಮತ್ತು ಎಂ ಅನ್ನುವ ಎರಡು ಅಕ್ಷರ, ಪಕ್ಕದಲ್ಲಿ ಒಂದೊಂದು ಅಂಕಿ. ಇದಕ್ಕೆ ಪ್ರಾಗ್ ಅಳತೆ ಅನ್ನುತ್ತಾರೆ. ಬದಲಾದ ಪದರ ಸಾಲ್ಮನ್ ಮೀನಿನ ಮಾಂಸದ ಕೆಂಪಿನಲ್ಲಿ ಕಾಣುತ್ತದೆ. ಅದು ಒಂದೇ ಸಮ ಇರುವುದಿಲ್ಲ. ಕೆಳಗೆ ಸುತ್ತಲೂ ಇರುತ್ತದೆ, ಅದರ ಮೇಲೆ ಅಲ್ಲಲ್ಲಿ ನಾಲಿಗೆಯಂತೆ ಚಾಚಿಕೊಂಡಿರುತ್ತದೆ. ಸುತ್ತಲೂ ಇರುವ ಭಾಗದ ಎತ್ತರ ಸಿ. ಅತಿ ಉದ್ದದ ನಾಲಿಗೆಯ ತುದಿಯವರೆಗಿನ ಎತ್ತರ ಎಂ. ಉದಾಹರಣೆಗೆ, ಹೊಟ್ಟೆ ಶುರುವಾಗುವುದು 40ರಲ್ಲಿ, ಸುತ್ತಲಿನ ಕೆಂಪು ಮುಗಿಯುವುದು 38ರಲ್ಲಿ, ಉದ್ದದ ನಾಲಿಗೆಯ ತುದಿ 35ರಲ್ಲಿ ಅಂದರೆ ಅದು ಸಿ2 ಎಂ5. ನಿಮ್ಮ ರಿಪೋರ್ಟಿನಲ್ಲಿ ಮೂರೂ ಅಂಕಿ ಇದ್ದರೆ ನೀವೇ ಕಳೆದು ನೋಡಬಹುದು.

ಈ ಎಂ ಅಂಕಿ ಮುಖ್ಯ. 1 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಅದನ್ನು ಸಾಮಾನ್ಯವಾಗಿ ಬ್ಯಾರೆಟ್ಸ್ ಅನ್ನುವುದೇ ಇಲ್ಲ. ‘ಇರ್‌ರೆಗ್ಯುಲರ್ ಝಡ್ ಲೈನ್’ ಅಂತ ಬರೆಯುತ್ತಾರೆ. ಅಂದರೆ ಎರಡು ಪದರ ಸೇರುವ ಗೆರೆ ಸ್ವಲ್ಪ ಅಂಕುಡೊಂಕು, ಅಷ್ಟೇ. ಅದಕ್ಕೆ ಮತ್ತೆ ಮತ್ತೆ ಸ್ಕೋಪ್ ಬೇಡ. 1ರಿಂದ 3ರ ಒಳಗೆ ಇದ್ದರೆ ಚಿಕ್ಕದು. 3 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಉದ್ದದ್ದು. ಉದ್ದ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಸಿ, ಎಂ ಎರಡೂ ಇಲ್ಲದೆ ಬರೀ ‘ಬ್ಯಾರೆಟ್ಸ್’ ಅಂತ ಇದ್ದರೆ? ಕೇಳಿ. ‘ಡಾಕ್ಟ್ರೇ, ಉದ್ದ ಎಷ್ಟಿದೆ?’ ಅಂತ. ಕೇಳಿದರೆ ಯಾರೂ ಬೈಯುವುದಿಲ್ಲ.

ಇನ್ನೊಂದು ಮಾತು. ‘ಈಸೋಫೇಜೈಟಿಸ್’ ಅಂತಲೂ ಇದೆಯಾ ನೋಡಿ, ಪಕ್ಕದಲ್ಲಿ ಗ್ರೇಡ್ ಬರೆದಿರುತ್ತದೆ. ಅಂದರೆ ಆ ಹೊತ್ತಿಗೆ ಒಳಗೆ ಹಸಿ ಗಾಯ ಇತ್ತು. ಗಾಯ ಜೋರಾಗಿದ್ದರೆ ಅದರ ಅಡಿಯಲ್ಲಿ ಬ್ಯಾರೆಟ್ಸ್ ಇದೆಯೋ ಇಲ್ಲವೋ ಸರಿಯಾಗಿ ಕಾಣುವುದಿಲ್ಲ. ಉರಿಯೂತದಿಂದ ಕೋಶಗಳೂ ಕೆಟ್ಟದಾಗಿ ಕಾಣಬಹುದು. 8ರಿಂದ 12 ವಾರ ಮಾತ್ರೆ ಕೊಟ್ಟು, ಗಾಯ ಮಾಯ್ದ ಮೇಲೆ ಮತ್ತೆ ನೋಡುತ್ತಾರೆ. ‘ಮತ್ತೆ ಸ್ಕೋಪ್ ಅಂದ್ರು, ಏನೋ ಮುಚ್ಚಿಡ್ತಿದ್ದಾರೆ’ ಅಂತ ಅಂದುಕೊಳ್ಳಬೇಡಿ.

ಬಯಾಪ್ಸಿ ರಿಪೋರ್ಟ್

ಚೂರು ತೆಗೆಯುವುದು ಹೇಗೆ ಅಂತ ಹೇಳಿದರೆ ರಿಪೋರ್ಟ್ ಅರ್ಥವಾಗುವುದು ಸುಲಭ. ಡಾಕ್ಟರು ಮೊದಲು ನೀರು ಹಾಕಿ ಲೋಳೆಯನ್ನೆಲ್ಲ ತೊಳೆಯುತ್ತಾರೆ. ಆಮೇಲೆ ಬಿಳಿ ಬೆಳಕಿನಲ್ಲಿ, ಮತ್ತೆ ನೀಲಿ ಹಸಿರು ಬೆಳಕಿನಲ್ಲಿ ನಿಧಾನಕ್ಕೆ ನೋಡುತ್ತಾರೆ. ಬ್ಯಾರೆಟ್ಸ್ ಎಷ್ಟು ಸೆಂಟಿಮೀಟರ್ ಇದೆಯೋ ಕನಿಷ್ಠ ಅಷ್ಟು ನಿಮಿಷ ನೋಡಬೇಕು ಅನ್ನುವುದು ಒಳ್ಳೆಯ ಅಭ್ಯಾಸ. ಎಲ್ಲಾದರೂ ಉಬ್ಬು, ತಗ್ಗು, ಬಣ್ಣ ಬದಲಾದದ್ದು ಕಂಡರೆ ಅಲ್ಲಿಂದ ಮೊದಲು ಚೂರು. ನಂತರ ಪ್ರತಿ 2 ಸೆಂಟಿಮೀಟರಿಗೆ ಸುತ್ತಲೂ ನಾಲ್ಕು ದಿಕ್ಕಿನಿಂದ ನಾಲ್ಕು ಚೂರು. ಡಾಕ್ಟರು ‘ಓಪನ್’ ಅಂದಾಗ ನಾನು ಹಿಡಿ ಒತ್ತಿ ಚಿಮಟದ ಬಾಯಿ ತೆರೆಯುತ್ತೇನೆ, ‘ಕ್ಲೋಸ್’ ಅಂದಾಗ ಮುಚ್ಚುತ್ತೇನೆ. ಹೊರಬರುವ ಚೂರು ಕೆಲವೇ ಮಿಲಿಮೀಟರ್. ನಿಮಗೆ ಗೊತ್ತೂ ಆಗುವುದಿಲ್ಲ. 40ರ ಚೂರುಗಳಿಗೆ ಒಂದು ಬಾಟಲಿ, 38ಕ್ಕೆ ಇನ್ನೊಂದು, 36ಕ್ಕೆ ಮತ್ತೊಂದು. ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿದರೆ ಮುಂದೆ ಏನಾದರೂ ಸಿಕ್ಕಾಗ ಎಲ್ಲಿಂದ ಬಂತು ಅಂತ ಹುಡುಕುವುದು ಕಷ್ಟ. ಹಾಗಾಗಿ ನಿಮ್ಮ ಬಯಾಪ್ಸಿ ರಿಪೋರ್ಟಿನಲ್ಲಿ ಎ, ಬಿ, ಸಿ ಅಂತ ಭಾಗಗಳಿದ್ದರೆ ಅವು ಆ ಬಾಟಲಿಗಳು.

ಇಲ್ಲೇ ಒಂದು ಗೊಂದಲ ಆಗುತ್ತದೆ. ‘ಇಂಟೆಸ್ಟಿನಲ್ ಮೆಟಾಪ್ಲೇಸಿಯಾ’ (ಪದರ ಕರುಳಿನಂತೆ ಬದಲಾಗಿರುವುದು) ಅನ್ನುವ ಪದ ಕಂಡರೆ ಅದು ಯಾವ ಬಾಟಲಿಯಲ್ಲಿ ಅಂತ ನೋಡಿ. ಅನ್ನನಾಳದಿಂದ ತೆಗೆದ ಚೂರಿನಲ್ಲಿ ಇದ್ದರೆ ಬ್ಯಾರೆಟ್ಸ್. ‘ಆಂಟ್ರಮ್’ ಅಥವಾ ‘ಸ್ಟಮಕ್’ ಅಂತ ಇದ್ದರೆ ಅದು ಹೊಟ್ಟೆಯ ಒಳಗಿನ ಬೇರೆಯೇ ವಿಷಯ. ಅದರ ಕಾರಣ ಬೇರೆ, ನೋಡಿಕೊಳ್ಳುವ ರೀತಿ ಬೇರೆ. ಒಬ್ಬ ಅಮ್ಮ ಆಂಟ್ರಮ್ಮಿನ ಆ ಪದವನ್ನು ನೋಡಿ ತನಗೆ ಬ್ಯಾರೆಟ್ಸ್ ಅಂತ ತಿಳಿದು, ಮಗನಿಗೂ ಸ್ಕೋಪ್ ಮಾಡಿಸಬೇಕು ಅಂತ ಕರೆದುಕೊಂಡು ಬಂದಿದ್ದರು. ರಿಪೋರ್ಟಿನ ಮೇಲೆ ಬೆರಳಿಟ್ಟು ತೋರಿಸಿದ ಮೇಲೆ ಮಗ ನನಗಿಂತ ಜೋರಾಗಿ ನಿಟ್ಟುಸಿರು ಬಿಟ್ಟ.

‘ಗೋಬ್ಲೆಟ್ ಸೆಲ್ಸ್’ ಅನ್ನುವ ಪದವೂ ಇರುತ್ತದೆ. ಕರುಳಿನಲ್ಲಿ ಸಹಜವಾಗಿ ಇರುವ ಕೋಶಗಳು ಅವು. ಅನ್ನನಾಳದಲ್ಲಿ ಕಂಡರೆ ಬ್ಯಾರೆಟ್ಸ್ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಅದರ ಹೆಸರಿಗೆ ಹೆದರಬೇಕಾದದ್ದೇನಿಲ್ಲ.

ಕಣ್ಣು ಹಾಯಿಸಬೇಕಾದ ಪದ ‘ಡಿಸ್ಪ್ಲೇಸಿಯಾ’. ಅಂದರೆ ಆಗ ಹೇಳಿದ ಕೋಶಗಳ ಕೆಟ್ಟ ಬದಲಾವಣೆ, ಕ್ಯಾನ್ಸರಿಗೆ ಮುಂಚಿನ ಹಂತ. ನಿಮ್ಮ ಭವಿಷ್ಯ ಇರುವುದು ಈ ಸಾಲಿನಲ್ಲಿ. ಅದರ ಹಿಂದೆ ಮುಂದೆ ಏನಿದೆ ಅಂತ ನೋಡಿ.

‘ನೆಗೆಟಿವ್ ಫಾರ್ ಡಿಸ್ಪ್ಲೇಸಿಯಾ’ ಅಥವಾ ‘ನೋ ಡಿಸ್ಪ್ಲೇಸಿಯಾ’ ಅಂತ ಇದ್ದರೆ ನೀವು ಆ ಸಾವಿರಕ್ಕೆ ಒಂದರಿಂದ ಮೂರರ ಗುಂಪು. ಬಹುಪಾಲು ಜನ ಇಲ್ಲೇ ಇರುತ್ತಾರೆ.

‘ಇನ್‌ಡೆಫಿನಿಟ್’ ಅಂದರೆ ಪೆಥಾಲಜಿಸ್ಟರಿಗೆ (ಚೂರನ್ನು ಮೈಕ್ರೋಸ್ಕೋಪಿನಲ್ಲಿ ನೋಡುವ ಡಾಕ್ಟರು) ಖಚಿತವಾಗಿ ಹೇಳಲು ಆಗುತ್ತಿಲ್ಲ. ಆಸಿಡ್ ಮಾತ್ರೆ ಸರಿಯಾಗಿ ಕೊಟ್ಟು ಆರು ತಿಂಗಳ ಒಳಗೆ ಮತ್ತೆ ನೋಡುತ್ತಾರೆ.

‘ಲೋ ಗ್ರೇಡ್’ (ಬದಲಾವಣೆ ಕಡಿಮೆ ದರ್ಜೆಯದು) ಅಂತ ಇದ್ದರೆ ಮೊದಲ ಕೆಲಸ ಚಿಕಿತ್ಸೆ ಅಲ್ಲ. ಅದೇ ಸ್ಲೈಡುಗಳನ್ನು ಇಂಥದ್ದರಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟರಿಗೆ ತೋರಿಸಬೇಕು. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ, ಮಾರ್ಗಸೂಚಿಗಳೇ ಹಾಗೆ ಹೇಳುತ್ತವೆ. ನೆದರ್ಲೆಂಡ್ಸಿನಲ್ಲಿ ಲೋ ಗ್ರೇಡ್ ಅಂತ ಬಂದ ಸ್ಲೈಡುಗಳನ್ನು ತಜ್ಞರ ತಂಡ ಮತ್ತೆ ನೋಡಿದಾಗ ನೂರರಲ್ಲಿ 73 ಕೆಳಗಿನ ದರ್ಜೆಗೆ ಇಳಿದವು. ಉಳಿದವರ ಅಪಾಯ ಮಾತ್ರ ನಿಜಕ್ಕೂ ಜಾಸ್ತಿ ಇತ್ತು. ಇನ್ನೊಬ್ಬರ ಕಣ್ಣು ಬಿದ್ದರೆ ಎರಡು ಕಡೆಯೂ ಲಾಭ. ಸ್ಲೈಡು ಮತ್ತು ಬ್ಲಾಕ್ (ಚೂರನ್ನು ಕೂರಿಸಿದ ಮೇಣದ ತುಂಡು) ಎರಡನ್ನೂ ಲ್ಯಾಬಿನಿಂದ ಕೇಳಿ ಪಡೆಯಬಹುದು.

‘ಹೈ ಗ್ರೇಡ್’ ಅಂದರೆ ತಡ ಮಾಡುವ ಹಾಗಿಲ್ಲ. ಏನೂ ಮಾಡದೆ ಬಿಟ್ಟರೆ ವರ್ಷಕ್ಕೆ ಶೇ 6ರಿಂದ 7ರಷ್ಟು ಮಂದಿಯಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಆದರೂ ಇದು ಇನ್ನೂ ಕ್ಯಾನ್ಸರ್ ಅಲ್ಲ. ಹಿಂದೆ ಇಂಥವರಿಗೆ ಅನ್ನನಾಳವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಈಗ ಬಹಳಷ್ಟು ಸಲ ಸ್ಕೋಪಿನಿಂದಲೇ ಮುಗಿಯುತ್ತದೆ. ಉಬ್ಬಿದ ಭಾಗ ಇದ್ದರೆ ಅದನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿದ ಪದರವನ್ನು ರೇಡಿಯೋಫ್ರೀಕ್ವೆನ್ಸಿ ಶಾಖದಿಂದ ಸುಡುತ್ತಾರೆ. ಸುಟ್ಟ ಜಾಗದಲ್ಲಿ, ಆಸಿಡ್ಡನ್ನು ಮಾತ್ರೆಯಿಂದ ತಡೆದಿಟ್ಟರೆ, ಹಳೆಯ ಸಹಜ ಪದರವೇ ಮತ್ತೆ ಬೆಳೆಯುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ ಹೈ ಗ್ರೇಡ್ ಇದ್ದವರಲ್ಲಿ ಶೇ 81 ಮಂದಿಗೆ ಒಂದು ವರ್ಷದಲ್ಲಿ ಡಿಸ್ಪ್ಲೇಸಿಯಾ ಪೂರ್ತಿ ಹೋಗಿತ್ತು. ಖಚಿತವಾದ ಲೋ ಗ್ರೇಡಿಗೂ ಇದು ಉಪಯೋಗ: 2014ರ ಯುರೋಪಿನ ಪರೀಕ್ಷೆಯಲ್ಲಿ ಮೂರು ವರ್ಷದಲ್ಲಿ ಕೆಡುವ ಕಡೆಗೆ ಹೋದವರು ಸುಡಿಸಿಕೊಂಡವರಲ್ಲಿ ಶೇ 1.5, ಬರೀ ಕಾದು ನೋಡಿದವರಲ್ಲಿ ಶೇ 26.5. ಕೆಲವರಿಗೆ ಸುಟ್ಟ ಜಾಗ ಗಟ್ಟಿಯಾಗಿ ಅನ್ನನಾಳ ಕಿರಿದಾಗುತ್ತದೆ. ಅದನ್ನು ಬಲೂನಿನಿಂದ ಹಿಗ್ಗಿಸಬೇಕಾಗುತ್ತದೆ. ಮುಗಿದ ಮೇಲೂ ಆಗಾಗ ಸ್ಕೋಪ್ ತಪ್ಪುವುದಿಲ್ಲ, ಬ್ಯಾರೆಟ್ಸ್ ಮತ್ತೆ ಬರಬಹುದು.

ಡಿಸ್ಪ್ಲೇಸಿಯಾ ಇಲ್ಲದವರಿಗೆ ಮಾತ್ರ ಸುಡುವುದನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ‘ಇದ್ದದ್ದನ್ನು ಸುಟ್ಟುಬಿಡಿ, ಟೆನ್ಷನ್ ಬೇಡ’ ಅಂತ ಹಟ ಹಿಡಿಯುವವರಿದ್ದಾರೆ. ವರ್ಷಕ್ಕೆ ಸಾವಿರದಲ್ಲಿ ಒಬ್ಬರಿಂದ ಮೂವರ ಅಪಾಯಕ್ಕೆ ಆ ತೊಂದರೆಯನ್ನೆಲ್ಲ ಮೈಮೇಲೆ ಹಾಕಿಕೊಳ್ಳುವುದು ಲೆಕ್ಕಕ್ಕೆ ಕೂರುವುದಿಲ್ಲ.

ಮುಂದಿನ ಸ್ಕೋಪ್ ಯಾವಾಗ

ಡಿಸ್ಪ್ಲೇಸಿಯಾ ಇಲ್ಲ, ಉದ್ದ 3 ಸೆಂಟಿಮೀಟರಿಗಿಂತ ಕಡಿಮೆ: ಐದು ವರ್ಷಕ್ಕೆ ಒಮ್ಮೆ. 3 ಅಥವಾ ಹೆಚ್ಚು: ಮೂರು ವರ್ಷಕ್ಕೆ ಒಮ್ಮೆ. ಇದು ಅಮೆರಿಕದ ಜೀರ್ಣಾಂಗ ತಜ್ಞರ 2022ರ ಮಾರ್ಗಸೂಚಿ. ಯುರೋಪಿನದ್ದೂ ಹೆಚ್ಚು ಕಡಿಮೆ ಹೀಗೇ, 10 ಸೆಂಟಿಮೀಟರ್ ಮೀರಿದರೆ ದೊಡ್ಡ ಕೇಂದ್ರಕ್ಕೆ ಕಳಿಸಿ ಅನ್ನುತ್ತದೆ. ವಯಸ್ಸು ತುಂಬಾ ಆಗಿದ್ದರೆ, ಬೇರೆ ದೊಡ್ಡ ಕಾಯಿಲೆ ಇದ್ದರೆ ಸ್ಕೋಪ್ ನಿಲ್ಲಿಸುವ ನಿರ್ಧಾರವೂ ಸರಿಯೇ.

ಪ್ರತಿ ವರ್ಷ ಮಾಡಿಸಿದರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಇಲ್ಲ. ಅವಸರದಲ್ಲಿ ಮಾಡಿದ ಐದು ಸ್ಕೋಪಿಗಿಂತ ನಿಧಾನವಾಗಿ ನೋಡಿ, ಸರಿಯಾಗಿ ಚೂರು ತೆಗೆದ ಒಂದು ಸ್ಕೋಪ್ ಮೇಲು. ಆದರೆ ಐದು ವರ್ಷ ಅನ್ನುವುದು ಮರೆಯುವುದಕ್ಕೆ ಹೇಳಿ ಮಾಡಿಸಿದ ಅವಧಿ. ಮನೆ ಬದಲಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ, ಡಾಕ್ಟರೂ ಬದಲಾಗುತ್ತಾರೆ. ಫೋನಿನ ಕ್ಯಾಲೆಂಡರಿನಲ್ಲಿ ಇವತ್ತೇ ತಾರೀಕು ಹಾಕಿ. ರಿಪೋರ್ಟಿನ ಫೋಟೋ ತೆಗೆದು ಮನೆಯ ಇನ್ನೊಬ್ಬರಿಗೂ ಕಳಿಸಿಡಿ. ಲಾರಿ ಓಡಿಸುವ ಒಬ್ಬರು ರಿಪೋರ್ಟಿನ ಪ್ರತಿಯನ್ನು ಗಾಡಿಯ ಕಾಗದಪತ್ರಗಳ ಜೊತೆಗೇ ಇಡುತ್ತಾರೆ. ಗಾಡಿಯ ಇನ್ಶೂರೆನ್ಸ್ ನೋಡುವಾಗಲೆಲ್ಲ ಇದೂ ಕಣ್ಣಿಗೆ ಬೀಳುತ್ತದೆ ಅಂತ. ಒಳ್ಳೆಯ ಉಪಾಯ.

ಮಾತ್ರೆ ಮತ್ತು ದಿನನಿತ್ಯ

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ಈಸೋಮೆಪ್ರಜೋಲ್. ಈ ಗುಂಪಿನ ಮಾತ್ರೆಯನ್ನು ಬ್ಯಾರೆಟ್ಸ್ ಇದ್ದವರಿಗೆ ಎದೆಯುರಿ ಇರಲಿ ಬಿಡಲಿ ಸಾಮಾನ್ಯವಾಗಿ ದಿನಕ್ಕೊಂದು ಕೊಡುತ್ತಾರೆ. ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಹೊಟ್ಟೆಯ ಆಸಿಡ್ ಪಂಪುಗಳು ಊಟದ ಹೊತ್ತಿಗೆ ಚುರುಕಾಗುತ್ತವೆ, ಅಷ್ಟರಲ್ಲಿ ಮಾತ್ರೆ ರಕ್ತದಲ್ಲಿ ಇರಬೇಕು. ಊಟ ಆದ ಮೇಲೆ ನುಂಗುವವರೇ ಜಾಸ್ತಿ. ಆಮೇಲೆ ‘ಮಾತ್ರೆ ಕೆಲಸ ಮಾಡ್ತಿಲ್ಲ’ ಅಂತ ಡೋಸ್ ಏರಿಸಲು ಬರುತ್ತಾರೆ.

ಉರಿ ನಿಂತಿತು ಅಂತ ಮಾತ್ರೆ ಬಿಡಬೇಡಿ. ಬದಲಾದ ಪದರಕ್ಕೆ ಆಸಿಡ್ಡಿನ ಉರಿ ಅಷ್ಟಾಗಿ ತಟ್ಟುವುದಿಲ್ಲ. ಹಾಗಾಗಿ ಕೆಲವರಿಗೆ ಬ್ಯಾರೆಟ್ಸ್ ಬಂದ ಮೇಲೆ ಎದೆಯುರಿ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಉರಿ ಇಲ್ಲ ಅಂದಮಾತ್ರಕ್ಕೆ ಪದರ ಸರಿಹೋಯಿತು ಅಂತ ಅರ್ಥವಲ್ಲ.

ಆಸ್ಪಿರಿನ್ ಬಗ್ಗೆ ಕೇಳುವವರಿದ್ದಾರೆ. ಬ್ರಿಟನ್ನಿನಲ್ಲಿ ಮುಖ್ಯವಾಗಿ ನಡೆದ ದೊಡ್ಡ ಪರೀಕ್ಷೆಯಲ್ಲಿ, 2018ರಲ್ಲಿ ಪ್ರಕಟವಾದದ್ದು, ಹೆಚ್ಚು ಡೋಸಿನ ಈಸೋಮೆಪ್ರಜೋಲ್ ಮತ್ತು ಆಸ್ಪಿರಿನ್ ಎರಡನ್ನೂ ತೆಗೆದುಕೊಂಡವರ ಫಲಿತಾಂಶ ಚೆನ್ನಾಗಿತ್ತು. ಆದರೆ ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತ ಸುರಿಸಬಲ್ಲದು. ಇದಕ್ಕೋಸ್ಕರ ಸುಮ್ನೆ ನೀವಾಗಿ ಶುರು ಮಾಡಬೇಡಿ. ಹೃದಯಕ್ಕಾಗಿ ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ ಹತ್ತಿರ ಮಾತಾಡಿ.

ಉಳಿದದ್ದು ನಿಮಗೆ ಗೊತ್ತಿರುವುದೇ. ಸಿಗರೇಟು ಬಿಡಿ. ಸೊಂಟ ಇಳಿಸಿ. ರಾತ್ರಿ ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಇರಲಿ. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ 15ರಿಂದ 20 ಸೆಂಟಿಮೀಟರ್ ಎತ್ತರ ಕೊಡಿ. ದಿಂಬು ಮೇಲೆ ದಿಂಬು ಇಟ್ಟರೆ ಕುತ್ತಿಗೆ ಬಾಗಿ ಹೊಟ್ಟೆ ಮಡಚುತ್ತದೆ, ಅದರಿಂದ ರಿಫ್ಲಕ್ಸ್ ಇನ್ನೂ ಹೆಚ್ಚಬಹುದು. ಎಡಮಗ್ಗುಲಿಗೆ ಮಲಗಿ.

ಮನೆಯವರು ಯಾರು ನೋಡಿಸಿಕೊಳ್ಳಬೇಕು

ಎದೆಯುರಿ ಬಂದವರೆಲ್ಲ ಸ್ಕೋಪಿಗೆ ಓಡಬೇಕಿಲ್ಲ. ಅಮೆರಿಕದ ಮಾರ್ಗಸೂಚಿ ಹೇಳುವುದು: ಬಹುಕಾಲದಿಂದ ರಿಫ್ಲಕ್ಸ್ ಇದ್ದು, ಅದರ ಜೊತೆ ಮೇಲೆ ಹೇಳಿದ ಅಂಶಗಳಲ್ಲಿ ಮೂರು ಅಥವಾ ಹೆಚ್ಚು ಇದ್ದರೆ ಒಮ್ಮೆ ನೋಡಿಸಿಕೊಳ್ಳಿ. ಬಹುಕಾಲ ಅಂದರೆ ವಾರಕ್ಕೊಮ್ಮೆಯಾದರೂ, ಐದು ವರ್ಷಕ್ಕೂ ಹೆಚ್ಚು. ಆ ಒಂದು ಸ್ಕೋಪ್ ಚೆನ್ನಾಗಿ ಬಂದರೆ ಮತ್ತೆ ಮತ್ತೆ ಬೇಡ. ಮನೆಯಲ್ಲಿ ‘ಗ್ಯಾಸ್ಟ್ರಿಕ್’ ಅಂತ ವರ್ಷಾನುಗಟ್ಟಲೆ ಪುಡಿ ನುಂಗಿಕೊಂಡು, ಸಿಗರೇಟೂ ಸೇದುವ, 50 ದಾಟಿದ ಗಂಡಸು ಯಾರಾದರೂ ಇದ್ದರೆ ಈ ಮಾತು ಅವರಿಗೆ.

ಸ್ಕೋಪ್ ಇಲ್ಲದೆ ನೋಡುವ ದಾರಿಯೂ ಬಂದಿದೆ. ದಾರಕ್ಕೆ ಕಟ್ಟಿದ ಒಂದು ಕ್ಯಾಪ್ಸೂಲ್ ನುಂಗಬೇಕು. ಹೊಟ್ಟೆಯಲ್ಲಿ ಅದರ ಹೊರಪದರ ಕರಗಿ ಒಳಗಿನ ಸ್ಪಂಜು ಅರಳುತ್ತದೆ. ಕೆಲವು ನಿಮಿಷ ಬಿಟ್ಟು ದಾರ ಹಿಡಿದು ಎಳೆದರೆ ದಾರಿಯುದ್ದಕ್ಕೂ ಕೋಶಗಳನ್ನು ಒರೆಸಿಕೊಂಡು ಬರುತ್ತದೆ. ಕೇಂಬ್ರಿಜ್‌ನ ರೆಬೆಕ್ಕಾ ಫಿಟ್ಜ್‌ಜೆರಾಲ್ಡ್ ಅವರ ತಂಡದ ಕೆಲಸ. 2020ರಲ್ಲಿ ಪ್ರಕಟವಾದ ಅವರ ಪರೀಕ್ಷೆಯಲ್ಲಿ, ಎದೆಯುರಿಗೆ ಮಾತ್ರೆ ನುಂಗುತ್ತಿದ್ದವರಿಗೆ ಈ ಸ್ಪಂಜು ಕೊಟ್ಟಾಗ ಎಂದಿನ ರೀತಿಗಿಂತ ಸುಮಾರು ಹತ್ತು ಪಟ್ಟು ಬ್ಯಾರೆಟ್ಸ್ ಪತ್ತೆಯಾಯಿತು. ಎಲ್ಲ ಕಡೆ ಸಿಗುವುದಿಲ್ಲ. ಅದರಲ್ಲಿ ಏನಾದರೂ ಕಂಡರೆ ಕೊನೆಗೆ ಸ್ಕೋಪ್ ಬೇಕೇ ಬೇಕು.

ತಾರೀಕಿಗೆ ಕಾಯಬಾರದ ಸಂದರ್ಭ

ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುವುದು. ಮೊದಲು ಗಟ್ಟಿ ಆಹಾರ, ಆಮೇಲೆ ಮೆತ್ತಗಿನದು, ಕೊನೆಗೆ ನೀರೂ ಕಷ್ಟ ಅನ್ನುವ ಹಾಗೆ ಹೋಗುತ್ತಿದ್ದರೆ ತಡ ಮಾಡಬೇಡಿ. ಬಹಳ ಮಂದಿ ಇದನ್ನು ಹೇಳುವುದೇ ಇಲ್ಲ. ಚಿಕ್ಕ ತುತ್ತು ಮಾಡಿಕೊಳ್ಳುತ್ತಾರೆ, ಪ್ರತಿ ತುತ್ತಿಗೂ ನೀರು ಕುಡಿಯುತ್ತಾರೆ, ಊಟಕ್ಕೆ ಎಲ್ಲರಿಗಿಂತ ಹೊತ್ತು ಹಿಡಿಯುತ್ತಾರೆ. ಇದನ್ನು ಮೊದಲು ಗಮನಿಸುವುದು ಪಕ್ಕದಲ್ಲಿ ಕೂತು ಉಣ್ಣುವವರು. ಪ್ರಯತ್ನಪಡದೆ ತೂಕ ಇಳಿಯುವುದು, ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಕಾರಣ ಗೊತ್ತಾಗದ ರಕ್ತಹೀನತೆ, ನುಂಗುವಾಗ ನೋವು ಇವೂ ಅಷ್ಟೇ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೆ ಮಲ ಕಪ್ಪಾಗುವುದು ಸಹಜ, ಅದನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ.

ಸ್ಕೋಪಿಗೆ ಬರುವಾಗ ಹಳೆಯ ಎರಡೂ ರಿಪೋರ್ಟ್ ತನ್ನಿ, ಬಯಾಪ್ಸಿಯದ್ದು ಮುಖ್ಯವಾಗಿ. ಕಳೆದ ಸಲ ಎಂ ಎಷ್ಟಿತ್ತು, ಯಾವ ಜಾಗದಲ್ಲಿ ಏನಿತ್ತು ಅಂತ ಗೊತ್ತಿದ್ದರೆ ಡಾಕ್ಟರು ನೇರ ಅಲ್ಲಿಗೆ ನೋಡುತ್ತಾರೆ. ರಕ್ತ ತೆಳು ಮಾಡುವ ಮಾತ್ರೆ ಇದ್ದರೆ ಬುಕ್ ಮಾಡುವಾಗಲೇ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ನಿದ್ದೆ ಬರಿಸುವ ಇಂಜೆಕ್ಷನ್ ಬೇಕು ಅಂದರೆ ಜೊತೆಗೆ ಒಬ್ಬರನ್ನು ಕರೆದುಕೊಂಡು ಬನ್ನಿ, ಗಾಡಿ ಓಡಿಸಿಕೊಂಡು ಬರಬೇಡಿ. ಕಟ್ಟಿದ ಹಲ್ಲು ಇದ್ದರೆ ತೆಗೆದು ಡಬ್ಬಿಯಲ್ಲಿ ಹಾಕಿಡಿ. ಡಬ್ಬಿಯ ಮೇಲೆ ಹೆಸರು ಬರೆಯಿರಿ, ನಮ್ಮ ಕಪಾಟಿನಲ್ಲಿ ಈಗಾಗಲೇ ವಾರಸುದಾರರಿಲ್ಲದ ಒಂದು ಸೆಟ್ ಇದೆ.